ಮೊಲಕ್ಕೊಂದು ಬಿಸ್ಕತ್ತು

ಹೊಸ ಹತ್ತಿಯ ವಾಸನೆ ಬಂದರೆ ಇವತ್ತಿಗೂ ನನ್ನ ಕಾಲು ಒಂದು ಕಡೆ ನಿಲ್ಲುವುದಿಲ್ಲ.

ಶಿರಾಳಕೊಪ್ಪದಲ್ಲಿ ಅಜ್ಜನದು ಗಾದಿ ಹೊಲಿಯುವ ಅಂಗಡಿ. ನಾನು ಚಿಕ್ಕವನಿದ್ದಾಗ ಒಂದು ಮಧ್ಯಾಹ್ನ ನಮ್ಮ ಮುದಿ ಮೊಲಕ್ಕೆ ಮತ್ತೆ ಭೇದಿಯಾಗಿ, ಹಿಂಭಾಗದ ಕೂದಲೆಲ್ಲ ಗಂಟುಗಟ್ಟಿ ಅಂಟಿಕೊಂಡಿತ್ತು. ಅಜ್ಜ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬೆಚ್ಚಗಿನ ನೀರು ಹನಿಸುತ್ತಾ, ಹತ್ತಿ ಬಿಡಿಸುವ ಬೆರಳುಗಳಲ್ಲೇ ಒಂದೊಂದು ಗಂಟನ್ನೂ ಬಿಡಿಸತೊಡಗಿದ. ನಾನು ಬಾಗಿಲಿಗೆ ಹೋಗುತ್ತಿದ್ದೆ, ಬರುತ್ತಿದ್ದೆ, ಮತ್ತೆ ಹೋಗುತ್ತಿದ್ದೆ.

“ಎಳೆದುಬಿಡಜ್ಜ, ಲಗೂನ ಆಗ್ತೈತಿ,” ಅಂದೆ.

“ಎಳೆದ್ರೆ ಚರ್ಮಾನೇ ಬರ್ತೈತಿ. ವಯಸ್ಸಾಗೈತಿ ಇದಕ್ಕೆ. ಹುಲ್ಲು ಬಿಟ್ಟು ಸಿಹಿ ತಿಂದ್ರೆ ಹೊಟ್ಟೆ ತಡಿಯಂಗಿಲ್ಲ. ಯಾರು ಏನು ಕೊಟ್ರೋ.”

ನಾನು ಚಡ್ಡಿಯ ಜೇಬನ್ನು ಅಂಗೈಯಿಂದ ಮುಚ್ಚಿಕೊಂಡೆ. ದಿನಾ ಚಹಾದ ಜೊತೆ ಸಿಗುತ್ತಿದ್ದ ಎರಡು ಬಿಸ್ಕತ್ತಿನಲ್ಲಿ ಒಂದನ್ನು ಮೊಲಕ್ಕೆಂದು ಅದರಲ್ಲಿ ತೆಗೆದಿಡುತ್ತಿದ್ದೆ. ಹುಲ್ಲು ಮೂಸಿ ಸುಮ್ಮನಾಗುತ್ತಿದ್ದ ಮೊಲ ಬಿಸ್ಕತ್ತಿಗೆ ಮಾತ್ರ ಎದ್ದು ಬರುತ್ತಿತ್ತು.

ಅಜ್ಜ ಮೊಲವನ್ನು ಹಳೇ ಲುಂಗಿಯಲ್ಲಿ ಒರೆಸಿ, ಅದರ ಮುಂದೆ ಒಣಹುಲ್ಲು ಹರಡಿ, ಕೈ ತೊಳೆದುಕೊಂಡು ಬಂದ. ಚಹಾ ಬಂತು. ಎಂದಿನಂತೆ ನನಗೆ ಎರಡು ಬಿಸ್ಕತ್ತು ಕೊಟ್ಟ. ಎರಡನ್ನೂ ನಾನು ತಿಂದು ಮುಗಿಸುವವರೆಗೆ ಅವತ್ತು ನನ್ನ ಪಕ್ಕದಿಂದ ಏಳಲಿಲ್ಲ.