ಕೂಸಿಗೆ ಪಾಸಾದ ಮನೆ

ಕಲಬುರಗಿಯ ಬಿಸಿಲು ಐವತ್ತಾರು ಡಿಗ್ರಿ ಮುಟ್ಟುತ್ತಿದ್ದ ಆ ಕಾಲದಲ್ಲಿ, ಮನೆಯೊಳಗಿನ ಬಿಸಿ ಯಾವ ಯಂತ್ರವೂ ಇಲ್ಲದೆ ಮೂವತ್ತೆರಡರ ಕೆಳಗೆ ನಿಂತರೆ ಮಾತ್ರ ಆಸ್ಪತ್ರೆಯವರು ಹಸುಗೂಸನ್ನು ಮನೆಗೆ ಕಳಿಸುತ್ತಿದ್ದರು. ಶರಣಮ್ಮನ ಸಿಮೆಂಟಿನ ಮನೆ ನಪಾಸಾಗಿ, ಅವಳು ಚೊಚ್ಚಲ ಮಗನನ್ನು ನಾಲ್ಕು ತಿಂಗಳು ಆಸ್ಪತ್ರೆಯ ಗಾಜಿನಾಚೆಯಿಂದಲೇ ನೋಡಿದ್ದಳು. ಎರಡನೆಯ ಸಲ ಬಸುರಾದಾಗ ಆ ಮನೆಯನ್ನು ಕೆಡವಿಸಿ, ಗೌಂಡಿ ಹುಸೇನಬಿಯಿಂದ ಹೊಸ ಮನೆ ಕಟ್ಟಿಸಿದಳು.

ಈಗ ಮಗಳು ಹುಟ್ಟಿ ಹತ್ತು ದಿನ; ಕೂಸು ಇನ್ನೂ ಆಸ್ಪತ್ರೆಯಲ್ಲೇ ಇತ್ತು. ಉರಿಬಿಸಿಲಲ್ಲಿ ತಪಾಸಣೆಗೆ ಬಂದ ಆಸ್ಪತ್ರೆಯ ಕಮಲಾಬಾಯಿ ಗೋಡೆಗೆ ಉಷ್ಣಮಾಪಕ ತೂಗುಹಾಕಿ ಸುತ್ತಲೂ ನೋಡಿದರು.

“ಫ್ಯಾನ್ ಎಲ್ಲಿ ಮುಚ್ಚಿಟ್ಟೀರಿ?”

“ಇಲ್ರಿ ಮೇಡಂ,” ಎಂದು ಹುಸೇನಬಿ ನಕ್ಕಳು. “ಗ್ವಾಡಿ ಎರಡು ಮೊಳ ದಪ್ಪ ಅದಾವ. ಮಾಳಗಿ ಮ್ಯಾಲ ಮಣ್ಣು, ಅದರಾಗ ಬೋರಲು ಹಾಕಿದ ಗಡಗಿ. ಬಿಸಿ ಗಾಳಿ ಆ ಬೆಳಕಿಂಡಿಯಿಂದ ಹೊರಗ ಹೋಗ್ತದ.”

ಮಾಪಕ ಮೂವತ್ತೈದಕ್ಕೆ ಇಳಿಯಿತು, ಮೂವತ್ತಮೂರರಲ್ಲಿ ನಿಂತೇಬಿಟ್ಟಿತು. ಶರಣಮ್ಮ ಮಾಪಕದ ಹತ್ತಿರಕ್ಕೇ ಬಂದು ನಿಂತಳು. ಕೊನೆಗೆ ಮೂವತ್ತೊಂದಾಯಿತು.

ಕಮಲಾಬಾಯಿ ಪಾಸಿನ ಕಾಗದಕ್ಕೆ ಸಹಿ ಹಾಕಿ ಶರಣಮ್ಮನಿಗೆ ಕೊಟ್ಟರು. “ಇನ್ನೂ ಮೂರು ಮನಿ ನೋಡೂದದ,” ಎನ್ನುತ್ತಲೇ ಗೋಡೆಗೊರಗಿದವರು ಹಾಗೆಯೇ ಹಾಸುಗಲ್ಲಿನ ಮೇಲೆ ಜಾರಿ ನಿದ್ದೆಹೋದರು.

“ಎಬ್ಬಸಬ್ಯಾಡವ್ವಾ,” ಎಂದು ಹುಸೇನಬಿ ಪಿಸುಗುಟ್ಟಿದಳು. “ಎಷ್ಟು ಮನಿ ಸುತ್ತ್ಯಾಳೋ ಏನೋ.”

ಹೊತ್ತು ಇಳಿದ ಮೇಲೆ ಶರಣಮ್ಮ ಆಸ್ಪತ್ರೆಯಿಂದ ಮಗಳನ್ನು ಎತ್ತಿಕೊಂಡು ಬಂದಾಗ ಕಮಲಾಬಾಯಿ ಗಡಬಡಿಸಿ ಎದ್ದರು. ನಾಚಿಕೆಯಿಂದ ಸೆರಗು ಸರಿಪಡಿಸಿಕೊಂಡು, ತಾವು ಮಲಗಿದ್ದ ಜಾಗವನ್ನು ಅಂಗೈಯಿಂದ ಒರೆಸಿದರು.

“ಇಲ್ಲೇ ಮಲಗಸ್ರಿ,” ಎಂದರು. “ಇಲ್ಲಿ ಭಾಳ ಛಲೋ ತಂಪದ.”