ಸೈಕಲ್ ದಾರಿಗೆ ಅಡ್ಡ ಬಂದವಳು

"ರೀ! ನಿಲ್ಲಿ! ಫೈಲು!" ಎಂದು ಕೂಗುತ್ತ ಹೆಂಡತಿ ಒಳದಾರಿಯ ಓಣಿ ಹಿಡಿದು, ಗಂಡನ ಸೈಕಲ್ಲಿಗಿಂತ ಮುಂಚೆ ಮುಖ್ಯರಸ್ತೆಗೆ ಓಡಿದಳು.

ಸೈಕಲ್ ಮೇಲೆ ಹೋಗುತ್ತಿದ್ದವನ ಬ್ಯಾಗಿನಲ್ಲಿ ಅವಳ ಸರ್ಟಿಫಿಕೇಟುಗಳಿದ್ದವು. ಎರಡೂ ನೀಲಿ ಫೈಲುಗಳೇ. ತನ್ನ ಪಾಠದ ಫೈಲು ಎಂದುಕೊಂಡು ಅವಳದನ್ನು ಎತ್ತಿಕೊಂಡು ಹೊರಟಿದ್ದ. ಹತ್ತಕ್ಕೆ ಗ್ರಂಥಾಲಯದಲ್ಲಿ ಅವಳ ಸಂದರ್ಶನ. ಹದಿನೆಂಟು ವರ್ಷ ಮನೆ, ಮಕ್ಕಳು ಎಂದು ಸವೆದವಳಿಗೆ ಬಂದ ಮೊದಲ ಕರೆ. ಮೂಲಪ್ರತಿ ಇಲ್ಲದಿದ್ದರೆ ಬರುವುದೇ ಬೇಡ ಎಂದು ಬರೆದಿದ್ದರು. ಫೋನು ಮಾಡಿ ನೋಡಿದ್ದಳು. ಸೈಕಲ್ ಹತ್ತಿದರೆ ಅವನ ಫೋನು ಬಂದ್. ಅದೂ ಒಂದು ನಿಯಮ.

ಶಾಲೆ, ಕಾರ್ಖಾನೆ ಸುತ್ತಿ ಸೈಕಲ್ ಸವಾರರಿಗೆ ಸಂಚಾರ ನಿಯಮ ಕಲಿಸುವುದೇ ಅವನ ಕೆಲಸ. ಮುಂದೆ ಸಿಗ್ನಲ್ಲಿನ ಹಸಿರು ದೀಪ ಆರಲು ಇನ್ನು ಐದೇ ಸೆಕೆಂಡು ಬಾಕಿ. ಅಷ್ಟರಲ್ಲಿ ಯಾರೋ ಎರಡು ಕೈ ಎತ್ತಿಕೊಂಡು ಎದುರಿಗೇ ಬಂದು ನಿಂತರು. ಎರಡು ಸಲ ಬೆಲ್ ಹೊಡೆದ. ಬಲಗೈ ಚಾಚಿ ಕ್ರಮಪ್ರಕಾರ ಪಕ್ಕಕ್ಕೆ ಸರಿದ.

"ಸೈಕಲ್ ದಾರೀಲಿ ನಿಲ್ಲಬಾರದಮ್ಮಾ!" ಎಂದು ಬುದ್ಧಿ ಹೇಳಿ, ಹಸಿರಿನಲ್ಲೇ ದಾಟಿಕೊಂಡು ಹೋದ.

ಸಂಜೆ ಬಂದವನಿಗೆ ಉಬ್ಬಿದ ಎದೆ. "ಇವತ್ತು ಫೈಲು ತೆಗೀಲೇ ಇಲ್ಲ ಕಣೇ. ಎಲ್ಲಾ ಬಾಯಿಪಾಠ."

"ಏನು ಪಾಠ?"

"ರಸ್ತೇಲಿ ಬೇರೆಯವರನ್ನ ಗಮನಿಸೋದು ಹೇಗೆ ಅಂತ. ಬೆಳಿಗ್ಗೇನೇ ಒಳ್ಳೆ ಉದಾಹರಣೆ ಸಿಕ್ತು. ಒಬ್ಬ ಹೆಂಗಸು ಸೀದಾ ಅಡ್ಡ ಬಂದ್ಬಿಟ್ಳು. ನಾನಾಗಿದ್ದಕ್ಕೆ ಬಚಾವಾದಳು!"

"ನೋಡೋಕೆ ಹೇಗಿದ್ದಳು?"

"ಸೈಕಲ್ ದಾರಿಯ ಬಿಳಿ ಗೆರೆಯಿಂದ ಎರಡಡಿ ಒಳಗಿದ್ದಳು."

ಅವಳು ಅವನ ಬ್ಯಾಗಿನಿಂದ ಫೈಲು ತೆಗೆದು ಮೇಜಿನ ಮೇಲೆ ಬಿಚ್ಚಿಟ್ಟಳು. ಮೇಲಿನ ಹಾಳೆಯಲ್ಲೇ ಅವಳ ಹೆಸರು, ಇಪ್ಪತ್ತರ ವಯಸ್ಸಿನ ಅವಳ ಫೋಟೋ. ಅವನು ಒಮ್ಮೆ ಫೋಟೋ ನೋಡಿದ, ಒಮ್ಮೆ ಅವಳನ್ನು.

"ಅಯ್ಯೋ... ಅದು ನೀನಾ?"

"ಹೂಂ. ಬಾಗಿಲಲ್ಲೇ ವಾಪಸ್ ಕಳಿಸಿದ್ರು. ಆ ಕೆಲಸ ಇನ್ಯಾರಿಗೋ ಆಯ್ತು." ಇಡೀ ದಿನ ತಡೆದುಕೊಂಡಿದ್ದ ಅಳು ಈಗ ಬಂತು.

ಅವನಿಗೆ ನಿಜವಾಗಿಯೂ ಕರುಳು ಚುರುಕ್ ಎಂದಿತು. ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡ. ಅವಳ ಸೆರಗಿನ ತುದಿಯಿಂದಲೇ ಅವಳ ಕಣ್ಣು ಒರೆಸಿದ.

"ಅಲ್ಲಾ ಕಣೇ," ಎಂದ ಕೊನೆಗೆ, ತುಂಬ ಮೆತ್ತಗೆ, "ಫುಟ್‌ಪಾತ್ ಬಿಟ್ಟು ಯಾಕೆ ಇಳಿದೆ?"