ಹದಿನಾರೋ ಹದಿನೆಂಟೋ

"ಹದಿನಾರರ ಮಾಡೆಲ್ ತಗೊಂಡ್ರೆ ಸ್ಟೇರಿಂಗ್ ಚೆನ್ನಾಗಿದೆ. ಹದಿನೆಂಟರದ್ದು ತಗೊಂಡ್ರೆ ಪಿಕಪ್ ಚೆನ್ನಾಗಿದೆ. ನೀನೇ ಹೇಳು ತುಳಸಿ, ಯಾವುದು ತಗೊಳ್ಳಲಿ?" ಎಂದು ಅಭಿಲಾಷ್ ಬೆಳಗಿನಿಂದ ಎಷ್ಟನೆಯ ಸಲವೋ ಹೆಂಡತಿಯನ್ನು ಕೇಳಿದ.

ತುಳಸಿ ಜೀಪಿನಲ್ಲೇ ಕುಳಿತಿದ್ದಳು. ಸೋಮವಾರಪೇಟೆಯ ಟಾರು ರಸ್ತೆಯಿಂದ ಅವರ ತೋಟದ ಮಣ್ಣುದಾರಿ ಮೇಲಕ್ಕೆ ಹತ್ತುವ ಜಾಗದಲ್ಲಿ ಎರಡು ಕೆಂಪು ಸ್ಪೋರ್ಟ್ಸ್ ಕಾರುಗಳು ಅಕ್ಕಪಕ್ಕ ನಿಂತಿದ್ದವು. ಎರಡೂ ಒಂದೇ ಕಂಪನಿಯವು, ಎರಡೂ ಸೆಕೆಂಡ್ ಹ್ಯಾಂಡ್, ಎರಡರಲ್ಲೂ ಎರಡೆರಡೇ ಸೀಟು, ಎರಡೂ ನೆಲ ಮೂಸುವಷ್ಟು ಕುಳ್ಳು. ಅವಳ ಕಣ್ಣಿಗೆ ವ್ಯತ್ಯಾಸವೇ ಕಾಣಲಿಲ್ಲ. ಗಂಡನಿಗೆ ಮಾತ್ರ ತಿಂಗಳಿಂದ ಮಲಗಿದರೆ ಹದಿನಾರು, ಎದ್ದರೆ ಹದಿನೆಂಟು. ಸಾರಿಗೆ ಉಪ್ಪು ಸಾಕೇ ಎಂದು ಕೇಳಿದರೂ "ಹದಿನೆಂಟರದ್ದೇ ಇರಬಹುದು" ಎನ್ನುವ ಹಂತಕ್ಕೆ ಬಂದಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ಡ್ರೈವಿಂಗ್ ಗ್ಲೌಸ್ ಬೇರೆ ತರಿಸಿ ಕೈಗೆ ಹಾಕಿಕೊಂಡಿದ್ದ.

ಅವಳ ತಲೆ ಚಿಟ್ಟು ಹಿಡಿದದ್ದು ಮಾಡೆಲ್ಲಿನಿಂದಲ್ಲ. ಯಾವುದನ್ನು ಕೊಂಡರೂ ಬದಲಿಗೆ ಹೋಗುವುದು ಅವಳು ಕುಳಿತಿದ್ದ ಆ ಜೀಪು. ಕಾರುಗಳನ್ನು ತಂದಿದ್ದ ಕುಶಾಲನಗರದ ಬ್ರೋಕರ್ ಸುದೀಪ್ ಆಗಲೇ ಅದರ ಟೈರು ಒದ್ದು, ಬಾನೆಟ್ ಎತ್ತಿ ನೋಡಿಯಾಗಿತ್ತು. ಪಿಕ್ಕಿಂಗ್ ಆಳುಗಳು ಬರುವುದು ಈ ಜೀಪಿನಲ್ಲಿ, ಕಾಫಿ ಮೂಟೆ ಇಳಿಯುವುದು ಈ ಜೀಪಿನಲ್ಲಿ. ಹೋದ ಮಳೆಗಾಲದಲ್ಲಿ ಅತ್ತೆಗೆ ಎದೆನೋವು ಬಂದಾಗ ತುಳಸಿ ಒಬ್ಬಳೇ ಅವರನ್ನು ಆಸ್ಪತ್ರೆಗೆ ಮುಟ್ಟಿಸಿದ್ದೂ ಇದರಲ್ಲೇ. ಜೀಪು ಹೋದರೆ ಅವಳೂ ಅತ್ತೆಯೂ ಗುಡ್ಡದ ಮೇಲೆ ಬಂದಿಗಳು. ಹೇಳಿ ಹೇಳಿ ಅವಳ ಬಾಯಿ ನೋಯಿತೇ ಹೊರತು ಗಂಡನ ಕಿವಿಗೆ ಬೀಳಲಿಲ್ಲ. ಕಾರು ಬೇಕೇ ಎಂಬ ಮಾತನ್ನೇ ಹಾರಿಸಿ, ಯಾವ ಕಾರು ಎಂಬಲ್ಲಿ ಬಂದು ಕುಳಿತಿದ್ದ ಮಹಾರಾಯ.

"ಅಕ್ಕಾ, ಹದಿನಾರರ ಸ್ಟೇರಿಂಗ್ ಹಿಡಿದ್ರೆ ರೋಡು ಕೈ ಜೊತೆ ಮಾತಾಡುತ್ತೆ," ಎಂದ ಸುದೀಪ್.

"ಹಾಗಾದ್ರೆ ನಮ್ಮ ರೋಡು ಏನು ಮಾತಾಡುತ್ತೋ ಕೇಳಿಬಿಡಿ. ಎರಡನ್ನೂ ಮನೆ ತನಕ ಹತ್ತಿಸಿ. ಅತ್ತೆನೂ ನೋಡ್ಲಿ."

"ಈಗ್ಯಾಕೆ ಅದೆಲ್ಲ? ಮುಂದಿನ ವರ್ಷ ಕಾಂಕ್ರೀಟ್ ಹಾಕ್ತಾರಂತೆ," ಎಂದ ಅಭಿಲಾಷ್.

"ನಾನು ಮದುವೆಯಾಗಿ ಬಂದಾಗಿಂದ್ಲೂ ಅದು ಮುಂದಿನ ವರ್ಷವೇ. ಹತ್ತಿಸಿ ಮಾರಾಯ್ರೇ! ಕಾರು ಕಟ್ಕೊಂಡು ಬಸ್‌ಸ್ಟಾಪಲ್ಲಿ ಸಂಸಾರ ಮಾಡೋಕಾಗುತ್ತಾ?"

ಸುದೀಪ್ ಹದಿನಾರನ್ನು ಹತ್ತಿಸಿದ. ಮೊದಲ ತಿರುವಿನಲ್ಲಿ ಎದ್ದಿದ್ದ ಕಲ್ಲಿಗೆ ಅದರ ಹೊಟ್ಟೆ ಕರ್ರೆಂದು ಉಜ್ಜಿತು. "ಅಯ್ಯಯ್ಯೋ" ಎನ್ನುತ್ತ ಹಿಂದಕ್ಕೇ ಬಂದವನು ಟಾರು ರಸ್ತೆಯ ಮೇಲೆ ಅಂಗಾತ ಮಲಗಿ ಕಾರಿನ ಅಡಿ ನೋಡತೊಡಗಿದ. ಆಮೇಲೆ ಅಭಿಲಾಷ್ ಗ್ಲೌಸ್ ಸರಿಮಾಡಿಕೊಂಡು ಹದಿನೆಂಟರಲ್ಲಿ ಹೊರಟ. ಮೊದಲ ಕಲ್ಲನ್ನು ಓರೆಯಾಗಿ ದಾಟಿಸಿದಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ ಹೆಂಡತಿಯತ್ತ ನೋಡಿ ನಕ್ಕ. ನಗು ಮುಗಿಯುವುದರೊಳಗೆ ಕಾರು ಎರಡನೆಯ ಕಲ್ಲಿನ ಮೇಲೆ ಕಾವಿಗೆ ಕೂತ ಕೋಳಿಯಂತೆ ಕುಳಿತುಬಿಟ್ಟಿತು. ಹಿಂದಿನ ಚಕ್ರಗಳು ಗಿರ್ರನೆ ತಿರುಗಿದವು, ಕೆಂಪು ದೂಳೆದ್ದಿತು, ಕಾರು ಮಾತ್ರ ಮುಂದೆಯೂ ಹೋಗಲಿಲ್ಲ, ಹಿಂದೆಯೂ ಬರಲಿಲ್ಲ.

ತುಳಸಿ ಜೀಪನ್ನು ಅದರ ಹಿಂದಕ್ಕೆ ತಂದು ನಿಲ್ಲಿಸಿ, ಸೀಟಿನಡಿಯ ಹಗ್ಗ ತೆಗೆದು ಜೀಪಿಗೂ ಕಾರಿಗೂ ಬಿಗಿದಳು. ಸುದೀಪ್ ಏದುಸಿರು ಬಿಡುತ್ತ ಮೇಲೆ ಓಡಿಬಂದ.

"ಹದಿನಾರು ಮೊದಲ್ನೇ ಕಲ್ಲಿಗೆ ಸೋತಿತು, ಹದಿನೆಂಟು ಎರಡ್ನೇ ಕಲ್ಲಿಗೆ. ಇನ್ನೇನು ಯೋಚ್ನೆ ರೀ? ಹದಿನೆಂಟೇ ತಗೊಳ್ಳಿ!" ಎಂದಳು ಹಲ್ಲು ಕಚ್ಚಿ.

ಅಭಿಲಾಷನ ಮುಖ ಅರಳಿತು. "ನಾನು ಹೇಳ್ಲಿಲ್ವಾ ಸುದೀಪ, ಹದಿನೆಂಟರ ಸಸ್ಪೆನ್ಷನ್ನೇ ಬೇರೆ ಅಂತ? ನೋಡು, ಅವಳಿಗೇ ಗೊತ್ತಾಯ್ತು."

ತುಳಸಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. "ಜೀಪು ಕೊಟ್ಟುಬಿಟ್ರೆ ನಾಳೆ ಇದನ್ನ ಎಳೆಯೋರು ಯಾರು ರೀ? ಅತ್ತೆಗೆ ಇನ್ನೊಂದ್ಸಲ ಎದೆನೋವು ಬಂದ್ರೆ ಹೊತ್ಕೊಂಡು ಇಳಿಸೋರು ಯಾರು? ಹೆತ್ತ ತಾಯಿ ಕಣ್ರೀ ಅವ್ರು! ನನ್ನ ಮಾತು ಬೇಡ, ಅವರ ಮುಖ ನೋಡಿಯಾದ್ರೂ ಒಂದ್ಸಲ ಸರಿಯಾಗಿ ಯೋಚ್ನೆ ಮಾಡಿ."

ಅಭಿಲಾಷ್ ಕಾರಿನಿಂದ ಇಳಿದ. ಗ್ಲೌಸ್ ಕಳಚಿದ. ಕಲ್ಲನ್ನು ನೋಡಿದ, ಕಾರಿನ ಹೊಟ್ಟೆ ನೋಡಿದ, ಮರಗಳ ಸಂದಿನಲ್ಲಿ ಕಾಣುವ ಮನೆಯ ಹಂಚನ್ನು ಬಹಳ ಹೊತ್ತು ನೋಡಿದ. ಸದ್ಯ, ದೇವರು ಬುದ್ಧಿ ಕೊಟ್ಟ ಎಂದುಕೊಂಡು ತುಳಸಿ ನಿಟ್ಟುಸಿರಿಟ್ಟಳು.

ಅವನು ಮೆಲ್ಲಗೆ ಸುದೀಪನ ಕಡೆ ತಿರುಗಿದ. "ಅಲ್ಲ ಸುದೀಪ, ಇಪ್ಪತ್ತರ ಮಾಡೆಲ್ಲು ಇದಕ್ಕಿಂತ ಸ್ವಲ್ಪ ಎತ್ತರ ಬರುತ್ತಾ?"

"ಬಂದ್ರೆ ಅದೇ ಬಂದು ಇದನ್ನ ಎಳೀಲಿ," ಎಂದು ತುಳಸಿ ಬಗ್ಗಿ ಹಗ್ಗ ಬಿಚ್ಚಿದಳು.